ನಮ್ಮ ನಾಯಿ ಯಾವ ತಳಿ? ಬೀದಿಯಿಂದ ಮನೆಗೆ ಬಂದ ನಾಯಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಬೀದಿಮರಿಗಳಿಗೆ ಮನೆ ಹುಡುಕುವ ಕೆಲಸದಲ್ಲಿ ಇರುವವರನ್ನು ಜನ ಮೊದಲು ಕೇಳುವುದು ನಾಯಿಯ ಹೆಸರನ್ನಲ್ಲ, ತಳಿಯನ್ನು. ದತ್ತು ಶಿಬಿರಗಳಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು ಬರುತ್ತವೆ, ತಳಿಶಾಸ್ತ್ರ ಬೇಕಾಗುವವು ಕೊನೆಗೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿಕೊಂಡರೂ ಸಾಕು.

## ಮೊದಲ ದಿನದ ಪ್ರಶ್ನೆಗಳು

ಫ್ಲೈಓವರ್ ಕೆಳಗೆ ಸಿಕ್ಕಿದ ಮರಿ ಇದು. ಯಾವ ಬ್ರೀಡ್ ಇರಬಹುದು?

ಹೆಚ್ಚುಕಮ್ಮಿ ನಾಟಿ ನಾಯಿಯೇ. ಕೇಳಿದವರ ಮುಖ ಸ್ವಲ್ಪ ಬಾಡುತ್ತದೆ, ಆದರೆ ಲೆಕ್ಕ ಸರಳ. ನಮ್ಮ ಬೀದಿಗಳಲ್ಲಿ ಮರಿ ಹಾಕುವ ಹೆಣ್ಣುಗಳು ಬಹುಪಾಲು ನಾಟಿ, ಅವುಗಳ ಹಿಂದೆ ತಿರುಗುವ ಗಂಡುಗಳೂ ನಾಟಿಯೇ. ಯಾರದೋ ಮನೆಯ ಲ್ಯಾಬ್ರಡಾರ್ ಗೇಟು ದಾಟಿ ಹೋಗಿ ಅಪ್ಪನಾಗುವುದು ಉಂಟು, ಆದರೆ ಅಪರೂಪ. ಹಾಗಾಗಿ ಊಹೆಯನ್ನು ನಾಟಿ ನಾಯಿಯಿಂದಲೇ ಶುರುಮಾಡಿ. ಇನ್ನೊಂದು ತಳಿಯ ಹೆಸರು ಸೇರಿಸಬೇಕಾದರೆ ಅದಕ್ಕೊಂದು ಸಾಕ್ಷಿ ಕೇಳಿ.

ನಾಟಿ ನಾಯಿಯ ಚಹರೆ ನಮಗೆಲ್ಲ ಗೊತ್ತಿರುವುದೇ. ಗಿಡ್ಡ ಕೂದಲು, ಬೆಣೆಯಾಕಾರದ ಮುಖ, ದೊಡ್ಡ ಕಿವಿ, ಬಾದಾಮಿ ಆಕಾರದ ಕಂದು ಕಣ್ಣು, ಮೇಲಕ್ಕೆ ಸೇದಿದ ಹೊಟ್ಟೆ, ಬೆನ್ನಿನ ಮೇಲೆ ಸುತ್ತಿಕೊಳ್ಳುವ ಬಾಲ. ಬಣ್ಣ ಕೆಂದ, ಕರಿ, ಬಿಳಿ, ಹಂಡ ಯಾವುದಾದರೂ ಆದೀತು. ದಿನವೂ ನೋಡುವುದರಿಂದ ಇದೂ ಒಂದು ಬಗೆ ಎಂದು ನಮಗೆ ಹೊಳೆಯುವುದಿಲ್ಲ, ಅಷ್ಟೆ.

ಕಂತ್ರಿ ನಾಯಿ ಅಂದ್ರೆ ಎಲ್ಲಾ ಜಾತಿ ನಾಯಿಗಳು ಬೆರೆತು ಆದದ್ದು ತಾನೆ?

ಅಲ್ಲ. ಈ ಒಂದು ತಪ್ಪು ಕಲ್ಪನೆಯಿಂದಲೇ ಉಳಿದ ಗೊಂದಲಗಳಲ್ಲಿ ಅರ್ಧ ಹುಟ್ಟುತ್ತವೆ.

ಇಂದು ನಾವು ಹೆಸರಿಟ್ಟು ಕರೆಯುವ ತಳಿಗಳಲ್ಲಿ ಹೆಚ್ಚಿನವು ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ, ಮುಖ್ಯವಾಗಿ ಬ್ರಿಟನ್ನಿನಲ್ಲಿ, ಪ್ರದರ್ಶನದ ಹುಚ್ಚು ಹತ್ತಿದ ಮೇಲೆ ಈಗಿನ ರೂಪಕ್ಕೆ ಬಂದವು. ವಂಶಾವಳಿ ದಾಖಲಿಸಲು ಲಂಡನ್ನಿನಲ್ಲಿ ಕೆನೆಲ್ ಕ್ಲಬ್ ಹುಟ್ಟಿದ್ದು 1873ರಲ್ಲಿ. ನಮ್ಮ ಊರ ನಾಯಿಗಳು ಅದಕ್ಕೂ ಸಾವಿರಾರು ವರ್ಷ ಮೊದಲಿನಿಂದ ಇಲ್ಲಿವೆ. ಅಂದರೆ ಅವು ಜಾತಿ ನಾಯಿಗಳು ಬೆರೆತು ಕೆಟ್ಟು ಹುಟ್ಟಿದವಲ್ಲ, ಜಾತಿ ಕಟ್ಟುವ ಮೊದಲೇ ಇದ್ದವು.

ಡಿಎನ್‌ಎ ಕೂಡ ಇದನ್ನೇ ಹೇಳುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 38 ದೇಶಗಳ 549 ಊರ ನಾಯಿಗಳ ಮಾದರಿ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಕ್ಷಿಣ ಅಮೆರಿಕದ ಮತ್ತು ಪೆಸಿಫಿಕ್ ದ್ವೀಪಗಳ ಊರ ನಾಯಿಗಳು ಹೆಚ್ಚುಕಡಿಮೆ ಯುರೋಪಿನ ನಾಯಿಗಳ ಸಂತತಿ ಎಂದು ಕಂಡುಬಂತು. ಭಾರತ, ವಿಯೆಟ್ನಾಂ, ಈಜಿಪ್ಟಿನ ನಾಯಿಗಳಲ್ಲಿ ಮಾತ್ರ ಯುರೋಪಿನ ಬೆರಕೆ ತೀರಾ ಕಡಿಮೆ. ಆದ್ದರಿಂದ ಅಮೆರಿಕದವರು ಬರೆದ 'ಮಿಶ್ರತಳಿ ಗುರುತಿಸುವ ಬಗೆ' ಎಂಬಂಥ ಲೇಖನಗಳನ್ನು ನಮ್ಮ ಬೀದಿನಾಯಿಗೆ ಹಾಕಿ ನೋಡಿದರೆ ಉತ್ತರ ತಪ್ಪುವುದೇ ಹೆಚ್ಚು. ಅಲ್ಲಿನ ಆಶ್ರಯಧಾಮದ ನಾಯಿಗೆ ತಳಿಗಳೇ ಅಜ್ಜ ಅಜ್ಜಿ. ಇಲ್ಲಿನ ನಾಯಿಗೆ ಹಾಗಲ್ಲ.

ಹಾಗಾದ್ರೆ ನಿಜವಾದ ಕ್ರಾಸ್ ಅಂತ ಯಾವಾಗ ಹೇಳಬಹುದು?

ನಾಟಿ ನಾಯಿಗೆ ಸಾಮಾನ್ಯವಾಗಿ ಇರದ ಲಕ್ಷಣಗಳು ಒಂದಲ್ಲ, ಎರಡು ಮೂರು ಒಟ್ಟಿಗೆ ಕಂಡಾಗ. ಮೈಯೆಲ್ಲ ಉದ್ದ ಕೂದಲು, ಕಿವಿ ಮತ್ತು ಬಾಲದಲ್ಲಿ ಜಾಲರಿ, ಜೋತ ದಪ್ಪ ತುಟಿ, ಚಪ್ಪಟೆ ಮೂತಿ, ಮೈಗೆ ಹೊಂದದ ಗಿಡ್ಡ ಕಾಲು, ಗಡ್ಡ ಮೀಸೆ, ಮೂವತ್ತು ಕಿಲೋ ದಾಟಿದ ಮೈ ಇಂಥವು.

ನಾಯಿ ಎಲ್ಲಿ ಸಿಕ್ಕಿತು ಎನ್ನುವುದೂ ದೊಡ್ಡ ಸುಳಿವು. ಹಳ್ಳಿಯ ಕಣದಲ್ಲಿ ಹುಟ್ಟಿದ್ದಕ್ಕೂ, ಮನೆಮನೆಗೆ ಸಾಕುನಾಯಿ ಇರುವ ಬಡಾವಣೆಯಲ್ಲಿ ಹುಟ್ಟಿದ್ದಕ್ಕೂ ವ್ಯತ್ಯಾಸವಿದೆ. ಆ ಊರಿನಲ್ಲಿ ಜನ ಯಾವ ತಳಿ ಸಾಕುತ್ತಾರೋ ಅದಷ್ಟೇ ಬೆರಕೆಯಾಗಲು ಸಾಧ್ಯ. ನಮ್ಮಲ್ಲಿ ಅಂದರೆ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಡಾಬರ್‌ಮನ್, ರಾಟ್‌ವೈಲರ್, ಗೋಲ್ಡನ್ ರಿಟ್ರೀವರ್, ಈಚೆಗೆ ಬೀಗಲ್, ಶಿಟ್ಸು, ಹಸ್ಕಿ. ಹಿಂದೆ ಮನೆಮನೆಯಲ್ಲೂ ಇದ್ದ, ನಾವು ಪಾಮೇರಿಯನ್ ಎಂದು ಕರೆಯುತ್ತಿದ್ದ ಬಿಳಿ ನಾಯಿ ನಿಜಕ್ಕೂ ಇಂಡಿಯನ್ ಸ್ಪಿಟ್ಜ್. ಅದರ ರಕ್ತ ಹಳೆಯ ಬಡಾವಣೆಗಳ ಬೀದಿನಾಯಿಗಳಲ್ಲಿ ಇನ್ನೂ ಅಲ್ಲಲ್ಲಿ ಇಣುಕುತ್ತದೆ. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತು ಬಂದ ಮೇಲೆ ಪಗ್‌ಗೆ ಎಲ್ಲಿಲ್ಲದ ಬೇಡಿಕೆ ಬಂತು, ಬೇಡವಾದ ಪಗ್‌ಗಳು ಬೀದಿಗೂ ಬಂದವು. ಆದರೆ ಇಲ್ಲಿ ಯಾರೂ ಸಾಕದ ಬಾಸೆಂಜಿ ಎಂಬ ಆಫ್ರಿಕಾದ ತಳಿಯ ಕ್ರಾಸ್ ಯಶವಂತಪುರದಲ್ಲಿ ಹುಟ್ಟಲು ಕಾರಣವೇ ಇಲ್ಲ, ಅದು ಎಷ್ಟೇ ಹಾಗೆ ಕಾಣಲಿ.

ಮರಿಗೆ ಈಗ ಎರಡು ತಿಂಗಳು. ಎಷ್ಟು ದೊಡ್ಡದಾಗುತ್ತೆ? ಪಾದ ನೋಡಿದ್ರೆ ದಪ್ಪ ಇದೆ.

ಪಾದ ನೋಡಿ ಹೇಳುವುದು ನಂಬುವಂಥದ್ದಲ್ಲ. ತೂಕ ನೋಡಿ. ಮಧ್ಯಮ ಗಾತ್ರದ ನಾಯಿ ನಾಲ್ಕು ತಿಂಗಳಿಗೆ ತನ್ನ ಪೂರ್ಣ ತೂಕದ ಅರ್ಧದ ಹತ್ತಿರ ಬಂದಿರುತ್ತದೆ. ನಾಲ್ಕು ತಿಂಗಳಿಗೆ ಎಂಟು ಕಿಲೋ ಇದ್ದರೆ ಹದಿನಾರರ ಆಚೀಚೆ ನಿಲ್ಲಬಹುದು, ಹೆಚ್ಚಿನ ನಾಟಿ ನಾಯಿಗಳು ನಿಲ್ಲುವುದೂ ಅಲ್ಲೇ. ಈ ಲೆಕ್ಕ ಕೆಡುವುದು ವಯಸ್ಸನ್ನು ತಪ್ಪಾಗಿ ಹಿಡಿದಾಗ. ಹೊಟ್ಟೆಗಿಲ್ಲದೆ ಬೆಳೆದ ಮೂರು ತಿಂಗಳ ಮರಿ ಎರಡು ತಿಂಗಳಿನದರಂತೆ ಕಾಣುತ್ತದೆ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವುದು ನಾಲ್ಕರಿಂದ ಆರು ತಿಂಗಳ ನಡುವೆ, ಆದ್ದರಿಂದ ಬಾಯಿ ತೆಗೆಸಿ ಹಲ್ಲು ನೋಡಿಸಿ. ಜಂತುಹುಳದ ಔಷಧಿ ಹಾಕುವ ಮುಂಚಿನ ಡೊಳ್ಳುಹೊಟ್ಟೆಯನ್ನು ದಷ್ಟಪುಷ್ಟ ತಳಿ ಎಂದು ತಿಳಿಯುವವರೂ ಇದ್ದಾರೆ.

## ಕಣ್ಣಿಗೆ ಕಾಣುವ ಗುರುತುಗಳು

ಕಿವಿ ಜೋತು ಬಿದ್ದಿದೆ. ಲ್ಯಾಬ್ ಕ್ರಾಸ್ ಅಲ್ವಾ?

ಮರಿಯಾಗಿದ್ದಾಗ ಎಲ್ಲ ನಾಯಿಯ ಕಿವಿಯೂ ಜೋತೇ ಇರುತ್ತದೆ. ನೆಟ್ಟಗಾಗುವುದು ನಿಧಾನ. ಒಂದು ಕಿವಿ ಎದ್ದು ಇನ್ನೊಂದು ಮಲಗಿರುವುದು, ಹಲ್ಲು ಬರುವಾಗ ಎದ್ದದ್ದು ಮತ್ತೆ ಬೀಳುವುದು ಎಲ್ಲ ಮಾಮೂಲು. ಆರು ತಿಂಗಳವರೆಗೆ ಕಿವಿ ನೋಡಿ ಏನನ್ನೂ ತೀರ್ಮಾನಿಸಬೇಡಿ. ದೊಡ್ಡದಾದ ಮೇಲೂ ತುದಿ ಮಡಿಚಿದ ಕಿವಿಯ ಅಚ್ಚ ನಾಟಿ ನಾಯಿಗಳು ಬೇಕಾದಷ್ಟಿವೆ.

ನಮ್ಮದು ಹಳದಿ ಬಣ್ಣ, ಥೇಟ್ ಲ್ಯಾಬ್ ಥರ. ಅಪ್ಪ ಲ್ಯಾಬ್ ಇರಲೇಬೇಕು.

ಇಲ್ಲಿ ಒಂದು ತಮಾಷೆಯಿದೆ. ಹಳದಿ ಲ್ಯಾಬ್ರಡಾರ್‌ನ ಹಳದಿಯೇ ಬೇರೆ, ಬೀದಿನಾಯಿಯ ಕೆಂದ ಬಣ್ಣವೇ ಬೇರೆ. ಎರಡಕ್ಕೂ ಕಾರಣವಾದ ಜೀನ್‌ಗಳು ಬೇರೆ ಬೇರೆ.

ಹಳದಿ ಲ್ಯಾಬ್‌ನಲ್ಲಿ ಎಂಸಿ1ಆರ್ ಎಂಬ ಜೀನ್‌ನ ಎರಡೂ ಪ್ರತಿ (ಅಪ್ಪನಿಂದ ಬಂದದ್ದು ಒಂದು, ಅಮ್ಮನಿಂದ ಬಂದದ್ದು ಒಂದು) ಕೆಟ್ಟಿರುವುದರಿಂದ ಅದರ ಮೈಯಲ್ಲಿ ಒಂದೇ ಒಂದು ಕಪ್ಪು ಕೂದಲೂ ಹುಟ್ಟಲಾರದು. ಅದರ ಒಳಗೆ ಕಪ್ಪು ಮೈಯನ್ನು ಕೊಡುವ ಇನ್ನೊಂದು ಜೀನ್ ಅಡಗಿ ಕುಳಿತಿರುತ್ತದೆ, ಕೆಲಸ ಮಾಡಲಾಗುವುದಿಲ್ಲ ಅಷ್ಟೆ. ಬೀದಿಯ ಕೆಂದ ನಾಯಿಯಲ್ಲಿ ಸಾಮಾನ್ಯವಾಗಿ ಎಂಸಿ1ಆರ್ ಸರಿಯಾಗಿಯೇ ಇದ್ದು, ಕೆಂದ ಬಣ್ಣ ಅಗೌಟಿ ಎಂಬ ಜೀನ್‌ನಿಂದ ಬರುತ್ತದೆ. ಈ ಎರಡೂ ಕೂಡಿದರೆ? ಮರಿಗೆ ನಾಟಿ ತಾಯಿಯಿಂದ ಸರಿಯಾದ ಎಂಸಿ1ಆರ್ ಸಿಗುತ್ತದೆ, ಲ್ಯಾಬ್ ಅಪ್ಪನಿಂದ ಕಪ್ಪಿನ ಜೀನ್ ಸಿಗುತ್ತದೆ. ಮರಿಗಳು ಕರ್ರಗೆ ಹುಟ್ಟುತ್ತವೆ! ಹಳದಿ ಲ್ಯಾಬ್‌ನ ನೇರ ಮಗುವನ್ನು ಹುಡುಕುತ್ತಿದ್ದರೆ ಕರಿಮರಿಯ ಕಡೆ ನೋಡುವುದು ಹೆಚ್ಚು ನ್ಯಾಯ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ. ನಿಮ್ಮ ಕೆಂದ ನಾಯಿಯನ್ನು ಬಿಸಿಲಿಗೆ ನಿಲ್ಲಿಸಿ ಮೂತಿ, ಕಿವಿಯ ಅಂಚು, ಬೆನ್ನು, ಬಾಲದ ತುದಿ ನೋಡಿ. ಕೂದಲಿನ ತುದಿಯಲ್ಲಾಗಲಿ ಮೀಸೆಯಲ್ಲಾಗಲಿ ಕಪ್ಪು ಕಂಡರೆ ಅದು ಲ್ಯಾಬ್‌ನ ಹಳದಿಯಲ್ಲ.

ಮೂತಿ ಕಪ್ಪು, ಮೈ ಕಂದು, ಬೆನ್ನ ಮೇಲೆ ಕಪ್ಪು. ಜರ್ಮನ್ ಶೆಫರ್ಡ್?

ಕಪ್ಪು ಮೂತಿ, ಕಪ್ಪು ತುದಿಯ ಬೆನ್ನಿನ ಕೂದಲು, ಹುಲಿಪಟ್ಟೆ, ಹುಬ್ಬಿನ ಮೇಲೆ ಎರಡು ಕಂದು ಚುಕ್ಕೆ, ಬಿಳಿ ಕಾಲ್ಚೀಲ ಇವೆಲ್ಲ ತಳಿಗಳು ಹುಟ್ಟುವ ಮೊದಲೇ ನಾಯಿಕುಲದಲ್ಲಿ ಓಡಾಡುತ್ತಿದ್ದ ಬಣ್ಣಗಳು. ತಳಿಗಾರರು ಅವುಗಳಲ್ಲಿ ಒಂದೊಂದನ್ನು ಹೆಕ್ಕಿ ಒಂದೊಂದು ತಳಿಗೆ ಅಂಟಿಸಿದರು. ಬಣ್ಣ ಒಂದರಿಂದಲೇ ಶೆಫರ್ಡ್, ಡಾಬರ್‌ಮನ್, ರಾಟ್‌ವೈಲರ್ ಎನ್ನಬೇಡಿ. ಬಣ್ಣದ ಜೊತೆ ದಟ್ಟ ಒಳಕೂದಲು, ಕೆಳಗಿಳಿದ ಪೊದೆಬಾಲ, ಉದ್ದನೆಯ ಮೈ ಇದ್ದರೆ ಶೆಫರ್ಡ್ ಎಂಬ ಊಹೆಗೆ ಬಲ ಬರುತ್ತದೆ.

ಗಡ್ಡ, ಮೀಸೆ, ಪೊದೆ ಹುಬ್ಬು ಬಂದಿದೆ. ಆದ್ರೆ ಅಮ್ಮ ಮಾಮೂಲಿ ಬೀದಿನಾಯಿ.

ಇದು ಒಳ್ಳೆಯ ಸಾಕ್ಷಿ. ನಾಯಿಗಳ ಕೂದಲಿನ ವೈವಿಧ್ಯದಲ್ಲಿ ಹೆಚ್ಚಿನ ಪಾಲಿಗೆ ಮೂರೇ ಜೀನ್‌ಗಳು ಕಾರಣ ಎಂದು 2009ರಲ್ಲಿ ಗೊತ್ತಾಯಿತು. ಒಂದು ಉದ್ದಕ್ಕೆ, ಒಂದು ಗುಂಗುರಿಗೆ, ಒಂದು ಗಡ್ಡಮೀಸೆಗೆ. ಗಡ್ಡಮೀಸೆಯ ಜೀನ್ ಒಂದೇ ಪ್ರತಿ ಬಂದರೂ ಮುಖದಲ್ಲಿ ಕಾಣುತ್ತದೆ. ಅಮ್ಮನಿಗೆ ಗಡ್ಡವಿಲ್ಲ ಎಂದರೆ ಅಪ್ಪನಿಗೆ ಇದ್ದಿರಬೇಕು. ಬೆಂಗಳೂರಿನಲ್ಲಿ ಅದು ಶಿಟ್ಸು, ಲಾಸಾ ಆಪ್ಸೊ ಅಥವಾ ಅವುಗಳ ಕ್ರಾಸ್ ಆಗಿರುವ ಸಾಧ್ಯತೆ ಹೆಚ್ಚು.

ಉದ್ದ ಕೂದಲಿನ ಕಥೆ ಇದಕ್ಕೆ ತಿರುಗುಮುರುಗು. ಅದಕ್ಕೆ ಅಪ್ಪ ಅಮ್ಮ ಇಬ್ಬರಿಂದಲೂ ಒಂದೊಂದು ಪ್ರತಿ ಬರಬೇಕು. ಗೋಲ್ಡನ್ ರಿಟ್ರೀವರ್‌ಗೂ ಗಿಡ್ಡ ಕೂದಲಿನ ಬೀದಿನಾಯಿಗೂ ಹುಟ್ಟಿದ ಮರಿಗಳ ಕೂದಲು ಸಾಮಾನ್ಯವಾಗಿ ಗಿಡ್ಡವೇ ಆಗುತ್ತದೆ, ನೋಡಿದವರು ಗೋಲ್ಡನ್ ಎಂದು ಊಹಿಸುವುದೇ ಇಲ್ಲ. ಬೀದಿನಾಯಿಗೆ ಉದ್ದ ಕೂದಲು ಬಂದಿದೆ ಎಂದರೆ ಎರಡೂ ಕಡೆಯ ಹಿರಿಯರಲ್ಲಿ ಅದು ಇತ್ತು ಎಂದರ್ಥ.

ಮೈ ದೊಡ್ಡದು, ಕಾಲು ಮಾತ್ರ ಗಿಡ್ಡ. ಪೋಷಣೆ ಸಾಲದೆ ಹೀಗಾಯ್ತಾ?

ಕಾಲು ಸೊಟ್ಟಗಾಗಿ, ಗಂಟು ಊದಿದ್ದರೆ ರಿಕೆಟ್ಸ್ ಎಂಬ ಮೂಳೆ ಮೆತ್ತಗಾಗುವ ರೋಗ ಇರಬಹುದು, ಎಕ್ಸ್‌ರೇ ತೆಗೆಸಿ. ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದರೆ ಅದು ವಂಶದ ಕೊಡುಗೆ. ಎಫ್‌ಜಿಎಫ್4 ಎಂಬ ಜೀನ್‌ನ ಹೆಚ್ಚುವರಿ ಪ್ರತಿಯೊಂದು ಕಾಲಿನ ಮೂಳೆ ಬೇಗ ಬೆಳವಣಿಗೆ ನಿಲ್ಲಿಸುವಂತೆ ಮಾಡುತ್ತದೆ. ಒಂದೇ ಪ್ರತಿ ಬಂದರೂ ಪರಿಣಾಮ ಕಾಣುತ್ತದೆ. ನಮ್ಮ ಕಡೆ ಡ್ಯಾಶಂಡ್ ಮೊದಲ ಅನುಮಾನ. ಇಂಥ ನಾಯಿಗಳಿಗೆ ಬೆನ್ನುಹುರಿಯ ತೊಂದರೆಯ ಸಾಧ್ಯತೆ ಇರುವುದರಿಂದ ಸೋಫಾದಿಂದ ಹಾರುವುದು, ಮೆಟ್ಟಿಲು ಧುಮುಕುವುದು ಕಡಿಮೆ ಮಾಡಿಸಿ, ತೂಕ ಏರಲು ಬಿಡಬೇಡಿ.

ನಾಲಿಗೆ ಮೇಲೆ ಕಪ್ಪು ಮಚ್ಚೆ ಇದೆ. ಚೌಚೌ ಅಂತೆ?

ಅಲ್ಲ. ಚೌಚೌ ಎಂಬ ಚೀನಾ ತಳಿಯ ನಾಲಿಗೆ ನೀಲಿಗಪ್ಪಾಗಿರುವುದರಿಂದ ಹಾಗೆನ್ನುತ್ತಾರೆ, ಆದರೆ ಎಷ್ಟೋ ತಳಿಗಳಲ್ಲೂ, ನಮ್ಮ ಬೀದಿನಾಯಿಗಳಲ್ಲೂ ಈ ಮಚ್ಚೆ ಇರುತ್ತದೆ.

ಒಂದು ಕಣ್ಣು ನೀಲಿ. ಹಸ್ಕಿ?

ಇರಬಹುದು. ಹಸ್ಕಿಗಳ ನೀಲಿ ಕಣ್ಣಿಗೆ ಎಎಲ್‌ಎಕ್ಸ್4 ಎಂಬ ಜೀನ್‌ನ ಪಕ್ಕದ ಒಂದು ಬದಲಾವಣೆ ಕಾರಣ ಎಂದು 2018ರಲ್ಲಿ ತಿಳಿದುಬಂತು, ಒಂದು ಪ್ರತಿಯಿಂದಲೂ ನೀಲಿ ಬರಬಹುದು. ಆದರೆ ಮುಖವೆಲ್ಲ ಬಿಳಿಯಿರುವ ನಾಯಿಗೂ, ಮೆರ್ಲ್ ಎಂಬ ಬೂದು ಕಲೆಗಳ ಬಣ್ಣದ ನಾಯಿಗೂ ನೀಲಿ ಕಣ್ಣು ಬರುವುದುಂಟು. ಬಿಳಿ ಮುಖದ ನಾಯಿಯಾದರೆ ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ಕಿವಿ ಕೇಳುತ್ತದೆಯೇ ನೋಡಿಕೊಳ್ಳಿ. ಮಬ್ಬಾದ ನೀಲಿಯಾದರೆ ಅದು ಬಣ್ಣವಲ್ಲ, ಕಣ್ಣಿನ ರೋಗ ಇರಬಹುದು. ವೈದ್ಯರಿಗೆ ತೋರಿಸಿ.

ಹಿಂಗಾಲಲ್ಲೂ ಐದೈದು ಬೆರಳು, ಒಟ್ಟು ಇಪ್ಪತ್ತು ಉಗುರು. ಬೇಟೆನಾಯಿ ವಂಶ ಅಂತಾರೆ ನಮ್ಮ ಮಾವ.

ಸಾಮಾನ್ಯ ನಾಯಿಗೆ ಮುಂದೆ ಐದೈದು, ಹಿಂದೆ ನಾಲ್ಕು ನಾಲ್ಕು, ಒಟ್ಟು ಹದಿನೆಂಟು. ಹಿಂಗಾಲಿನ ಹೆಚ್ಚುವರಿ ಬೆರಳು ಬೀದಿನಾಯಿಗಳಲ್ಲೂ ಬರುತ್ತದೆ, ಅದರಿಂದ ವಂಶ ಗೊತ್ತಾಗುವುದಿಲ್ಲ. ಆ ಉಗುರು ನೆಲಕ್ಕೆ ತಾಗಿ ಸವೆಯುವುದಿಲ್ಲವಾದ್ದರಿಂದ ಸುತ್ತಿಕೊಂಡು ಚರ್ಮಕ್ಕೆ ನಾಟುತ್ತದೆ. ಮಾವನವರ ಮಾತು ಹೇಗೇ ಇರಲಿ, ಉಗುರು ಮಾತ್ರ ಕತ್ತರಿಸುತ್ತಿರಿ.

ಒಂದು ಕಿವಿ ತುದಿ ಕತ್ತರಿಸಿದ ಹಾಗಿದೆ. ಯಾವ ತಳಿಗೆ ಹೀಗಿರುತ್ತೆ?

ಯಾವ ತಳಿಗೂ ಇಲ್ಲ. ಅದು ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಬೀದಿನಾಯಿಗೆ ಹಾಕುವ ಗುರುತು. ಅರಿವಳಿಕೆಯಲ್ಲಿ ಇರುವಾಗಲೇ ಮಾಡಿರುತ್ತಾರೆ. ನಿಮ್ಮ ಒಂದು ಖರ್ಚು ಉಳಿಯಿತು.

ತೆಳ್ಳಗೆ, ಉದ್ದ ಕಾಲು, ಗಾಳಿಯ ಹಾಗೆ ಓಡುತ್ತೆ. ಮುಧೋಳ ನಾಯಿಯ ಕ್ರಾಸ್ ಇರಬಹುದಾ?

ಬಾಗಲಕೋಟೆ, ಬೆಳಗಾವಿ, ವಿಜಯಪುರದ ಕಡೆಯಿಂದ ಬಂದ ನಾಯಿಯಾದರೆ ಖಂಡಿತ ಕೇಳಬಹುದಾದ ಪ್ರಶ್ನೆ. ಮುಧೋಳದ ಘೋರ್ಪಡೆ ಅರಸರು ಬೆಳೆಸಿ ಹೆಸರು ತಂದ ಈ ನಾಯಿಗೆ 2005ರಲ್ಲಿ ಅಂಚೆಚೀಟಿಯೂ ಬಂತು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ. ಆ ಸೀಮೆಯ ಹಳ್ಳಿಗಳಲ್ಲಿ ಬೇಟೆನಾಯಿಯೂ ಊರ ನಾಯಿಯೂ ಒಂದೇ ಓಣಿಯಲ್ಲಿ ಬೆಳೆಯುವುದರಿಂದ ಬೆರಕೆ ಸಹಜ.

ಆದರೆ ಬೆಂಗಳೂರಿನಲ್ಲಿ ಸಿಕ್ಕಿದ ಬಡಕಲು ನಾಯಿಗೆಲ್ಲ ಮುಧೋಳ ಎನ್ನುವುದು ಈಗೊಂದು ಚಾಳಿ. ಮೊದಲು ಎರಡು ತಿಂಗಳು ಚೆನ್ನಾಗಿ ಊಟ ಹಾಕಿ. ಹಸಿವಿನಿಂದ ಸೊರಗಿದ್ದ ನಾಯಿಯ ಪಕ್ಕೆಲುಬು ಮುಚ್ಚಿಕೊಳ್ಳುತ್ತದೆ, ಎದೆ ಸಾಧಾರಣವಾಗಿಯೇ ಉಳಿಯುತ್ತದೆ. ಮುಧೋಳದ ರಕ್ತ ಇದ್ದರೆ ಮೈ ತುಂಬಿಕೊಂಡ ಮೇಲೂ ಎದೆ ಆಳವಾಗಿ ಮೊಣಕೈವರೆಗೆ ಇಳಿದಿರುತ್ತದೆ, ಸೊಂಟ ಹಿಡಿಯಷ್ಟೇ ಇರುತ್ತದೆ, ತಲೆ ಮೇಲಿಂದ ನೋಡಿದರೆ ಉದ್ದಕ್ಕೆ ಸಪೂರ. ಬಾಲ ಉದ್ದವಾಗಿ ಇಳಿದು ತುದಿಯಲ್ಲಿ ಬಾಗುತ್ತದೆ, ಬೆನ್ನಿನ ಮೇಲೆ ಸುತ್ತಿಕೊಳ್ಳುವುದಿಲ್ಲ. ಅಚ್ಚ ಮುಧೋಳದ ಗಂಡು ಭುಜದ ಹತ್ತಿರ 70 ಸೆಂಟಿಮೀಟರ್ ಆಸುಪಾಸು ಇರುತ್ತದೆ. ನಿಮ್ಮ ನಾಯಿ 50ರ ಹತ್ತಿರ ನಿಂತಿದ್ದರೆ ಓಟ ಎಷ್ಟೇ ಚುರುಕಾಗಿರಲಿ ನಾಟಿಯೇ. ನಾಟಿ ನಾಯಿಯೂ ಸೊಗಸಾಗಿ ಓಡುತ್ತದೆ.

## ಊಹೆ ಎಷ್ಟು ನಂಬಬಹುದು?

ಡಾಕ್ಟ್ರೇ ನೋಡಿ ಲ್ಯಾಬ್ ಮಿಕ್ಸ್ ಅಂತ ಪುಸ್ತಕದಲ್ಲಿ ಬರೆದಿದ್ದಾರೆ. ಅವರಿಗೆ ಗೊತ್ತಿರಲ್ವಾ?

ಲಸಿಕೆ ಪುಸ್ತಕದಲ್ಲಿ ತಳಿ ಎಂಬ ಜಾಗ ಇದೆ, ಅವರು ಏನಾದರೂ ಬರೆಯಲೇಬೇಕು. ಅದು ರೋಗನಿರ್ಣಯವಲ್ಲ. ಅಮೆರಿಕದಲ್ಲಿ ವಿಕ್ಟೋರಿಯಾ ವಾಯ್ತ್ ಮತ್ತು ಸಂಗಡಿಗರು ನಾಯಿಗಳ ಜೊತೆ ಕೆಲಸ ಮಾಡುವ 900ಕ್ಕೂ ಹೆಚ್ಚು ಜನರಿಗೆ 20 ಮಿಶ್ರತಳಿ ನಾಯಿಗಳನ್ನು ತೋರಿಸಿ ತಳಿ ಕೇಳಿದರು. 2013ರಲ್ಲಿ ಬಂದ ಫಲಿತಾಂಶದ ಪ್ರಕಾರ 14 ನಾಯಿಗಳ ವಿಷಯದಲ್ಲಿ ಡಿಎನ್‌ಎ ವರದಿಗೆ ಹೊಂದುವ ಉತ್ತರ ಕೊಟ್ಟವರು ಅರ್ಧಕ್ಕಿಂತ ಕಡಿಮೆ. ಅರ್ಧಕ್ಕಿಂತ ಹೆಚ್ಚು ಜನ ಒಮ್ಮತಕ್ಕೆ ಬಂದದ್ದು ಏಳು ನಾಯಿಗಳ ಬಗ್ಗೆ ಮಾತ್ರ, ಅದರಲ್ಲೂ ಮೂರು ತಪ್ಪು.

2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಅರಿಝೋನ ಮತ್ತು ಕ್ಯಾಲಿಫೋರ್ನಿಯಾದ ಎರಡು ಆಶ್ರಯಧಾಮಗಳ 900ಕ್ಕೂ ಹೆಚ್ಚು ನಾಯಿಗಳದ್ದು. ಅಲ್ಲಿನ ಸಿಬ್ಬಂದಿ ಕನಿಷ್ಠ ಒಂದು ತಳಿಯನ್ನು ಸರಿಯಾಗಿ ಹೇಳಿದ್ದು ಸುಮಾರು ಮೂರರಲ್ಲಿ ಎರಡು ಸಲ. ಒಂದಕ್ಕಿಂತ ಹೆಚ್ಚು ತಳಿ ಸರಿಹೊಂದಿದ್ದು ಶೇ 10ರಷ್ಟು. ತಳಿಗಳೇ ಬೆರೆಯುವ ಊರಿನಲ್ಲೇ ಪರಿಣತರ ಪಾಡು ಇದು.

ಅಪ್ಪ ಅಮ್ಮ ಎರಡೂ ನಮಗೆ ಗೊತ್ತು. ಆದ್ರೂ ಮರಿ ಇಬ್ಬರ ಹಾಗೂ ಇಲ್ಲವಲ್ಲ?

ಇದನ್ನು ಅರವತ್ತು ವರ್ಷಕ್ಕೂ ಹಿಂದೆಯೇ ಮಾಡಿ ತೋರಿಸಿದ್ದಾರೆ. ಅಮೆರಿಕದ ಬಾರ್ ಹಾರ್ಬರ್‌ನ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಬಾಸೆಂಜಿ ಮತ್ತು ಕಾಕರ್ ಸ್ಪ್ಯಾನಿಯಲ್‌ಗಳನ್ನು ಕೂಡಿಸಿದರು. ಬಾಸೆಂಜಿ ಎಂದರೆ ನೆಟ್ಟಗಿವಿ, ಗಿಡ್ಡ ಕೂದಲು, ಸುತ್ತಿದ ಬಾಲ. ಕಾಕರ್‌ಗೆ ಜೋಲುಗಿವಿ, ಉದ್ದ ಕೂದಲು. ಮೊದಲ ತಲೆಮಾರಿನ ಮರಿಗಳನ್ನು ನೋಡಿದರೆ ಅಪ್ಪನೂ ಹೊಳೆಯುವುದಿಲ್ಲ, ಅಮ್ಮನೂ ಹೊಳೆಯುವುದಿಲ್ಲ. ಆ ಮರಿಗಳು ತಮ್ಮತಮ್ಮಲ್ಲಿ ಕೂಡಿ ಹುಟ್ಟಿದ ಎರಡನೇ ತಲೆಮಾರಿನಲ್ಲಂತೂ ಒಂದರಂತೆ ಇನ್ನೊಂದಿಲ್ಲ. ಎರಡೇ ತಳಿ, ಎರಡೇ ತಲೆಮಾರು, ಎಲ್ಲವೂ ಬರೆದಿಟ್ಟ ಲೆಕ್ಕ, ಆಗಲೂ ಹೀಗೆ. ಅಪ್ಪ ಯಾರೆಂದೇ ಗೊತ್ತಿಲ್ಲದ ಬೀದಿಮರಿಯ ಮುಖದಲ್ಲಿ ನಾಲ್ಕು ತಳಿ ಓದುವವರನ್ನು ಕಂಡರೆ ನನಗೆ ಮುಖ ನೋಡಿ ಭವಿಷ್ಯ ಹೇಳುವವರ ನೆನಪಾಗುತ್ತದೆ.

ಒಂದೇ ಸೂಲಿನ ಆರು ಮರಿ, ಆರೂ ಬೇರೆ ಬೇರೆ ಥರ. ಹೇಗೆ?

ಬೆದೆಗೆ ಬಂದ ಹೆಣ್ಣು ಹಲವು ದಿನಗಳಲ್ಲಿ ಹಲವು ಗಂಡುಗಳ ಜೊತೆ ಕೂಡಬಹುದು, ಒಂದೇ ಸೂಲಿನಲ್ಲಿ ಎರಡು ಮೂರು ಅಪ್ಪಂದಿರ ಮರಿಗಳು ಹುಟ್ಟಬಹುದು. ಅಪ್ಪ ಒಬ್ಬನೇ ಆದರೂ ಪ್ರತಿ ಮರಿಗೂ ಜೀನ್‌ಗಳು ಹೊಸದಾಗಿ ಕಲಸಿದ ಇಸ್ಪೀಟಿನ ಎಲೆಗಳಂತೆ ಹಂಚಿಕೆಯಾಗುತ್ತವೆ. ಆದ್ದರಿಂದ ಅಣ್ಣ ಮರಿಗೆ ಗಡ್ಡ ಇದೆ ಎಂದು ತಂಗಿ ಮರಿಯನ್ನು ಶಿಟ್ಸು ಕ್ರಾಸ್ ಎಂದು ಕೊಡಬೇಡಿ.

ಲ್ಯಾಬ್ ಕ್ರಾಸ್ ಅಂತ ಹಾಕಿದ್ರೆ ಬೇಗ ಮನೆ ಸಿಗುತ್ತೆ. ಹಾಕಿದ್ರೆ ತಪ್ಪೇನು?

ಮರಿ ಹಿಡಿದುಕೊಂಡು ತಿಂಗಳುಗಟ್ಟಲೆ ಮನೆ ಹುಡುಕುವವರ ಕಷ್ಟ ನನಗೆ ಗೊತ್ತು. ಆದರೂ ಬೇಡ. ಲ್ಯಾಬ್ ಎಂದು ತೆಗೆದುಕೊಂಡು ಹೋದವರು ಬಂದವರನ್ನೆಲ್ಲ ಬಾಲ ಅಲ್ಲಾಡಿಸಿ ಸ್ವಾಗತಿಸುವ ಮೂವತ್ತು ಕಿಲೋ ನಾಯಿಯ ನಿರೀಕ್ಷೆಯಲ್ಲಿ ಇರುತ್ತಾರೆ. ವರ್ಷದ ಹೊತ್ತಿಗೆ ಅವರ ಮನೆಯಲ್ಲಿ ಹದಿನಾರು ಕಿಲೋ ತೂಗುವ, ಕಿವಿ ನಿಮಿರಿಸಿ ಕೊರಿಯರ್ ಹುಡುಗನನ್ನು ಗೇಟಿನಲ್ಲೇ ತಡೆಯುವ ನಾಯಿ ಇರುತ್ತದೆ. ಎಂಟು ಹತ್ತು ತಿಂಗಳಿಗೆ ವಾಪಸು ಬರುವ ನಾಯಿಗಳ ಹಿಂದೆ ಇಂಥ ಕಥೆ ಮತ್ತೆ ಮತ್ತೆ ಕೇಳುತ್ತದೆ, ಮತ್ತು ಆ ವಯಸ್ಸಿನ ನಾಯಿಗೆ ಎರಡನೇ ಮನೆ ಸಿಗುವುದು ಮರಿಗೆ ಸಿಗುವುದಕ್ಕಿಂತ ಕಷ್ಟ. ಜಾಹೀರಾತಿನಲ್ಲಿ ಈಗಿನ ತೂಕ, ವಯಸ್ಸು, ಮಕ್ಕಳ ಜೊತೆ ಹೇಗಿದೆ, ಬೆಕ್ಕನ್ನು ಕಂಡರೆ ಏನು ಮಾಡುತ್ತದೆ ಎಂದು ಬರೆಯಿರಿ.

## ಸ್ವಭಾವ, ಆರೋಗ್ಯ, ಕಾನೂನು

ಬ್ರೀಡ್ ಗೊತ್ತಾದ್ರೆ ಸ್ವಭಾವ ಮೊದಲೇ ಗೊತ್ತಾಗುತ್ತಲ್ವಾ?

ಅಷ್ಟಾಗಿ ಇಲ್ಲ. 2022ರಲ್ಲಿ ಅಮೆರಿಕದ ವಿಜ್ಞಾನಿಗಳು 18,000ಕ್ಕೂ ಹೆಚ್ಚು ನಾಯಿಗಳ ಮಾಲೀಕರಿಂದ ಸ್ವಭಾವದ ವಿವರ ಪಡೆದು, ಎರಡು ಸಾವಿರಕ್ಕೂ ಮಿಕ್ಕ ನಾಯಿಗಳ ಡಿಎನ್‌ಎ ಓದಿ ಹೋಲಿಸಿದರು. ಒಂದು ನಾಯಿಗೂ ಇನ್ನೊಂದಕ್ಕೂ ಇರುವ ಸ್ವಭಾವದ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಶೇ 9ರಷ್ಟು ಮಾತ್ರ ಎಂದು ಕಂಡಿತು. ತಳಿಗಳ ನಡುವೆ ವ್ಯತ್ಯಾಸವೇ ಇಲ್ಲ ಎಂದಲ್ಲ. ಹೇಳಿದ ಮಾತಿಗೆ ಓಗೊಡುವ ಗುಣದಂಥವು ತಳಿಯ ಜೊತೆ ಸ್ವಲ್ಪ ಹೆಚ್ಚು ಸಾಗುತ್ತವೆ. ಆದರೆ ನಿಮ್ಮ ಮುಂದೆ ಕುಳಿತ ಒಂದು ನಾಯಿಯ ಬಗ್ಗೆ, ಅದೂ ಬೆರಕೆಯ ಬಗ್ಗೆ, ಇದರಿಂದ ಹೇಳುವುದು ಕಷ್ಟ.

ಅದಕ್ಕಿಂತ ಉಪಯೋಗದ ಪ್ರಶ್ನೆ: ಹುಟ್ಟಿದ ಮೂರನೇ ವಾರದಿಂದ ಸುಮಾರು ಹನ್ನೆರಡನೇ ವಾರದವರೆಗೆ ಅದು ಮನುಷ್ಯರನ್ನು ಎಷ್ಟು ಕಂಡಿತ್ತು? ಆ ದಿನಗಳಲ್ಲಿ ಕೈಗಳ ಪರಿಚಯವೇ ಆಗದೆ ಮೋರಿಯೊಳಗೆ ಬೆಳೆದ ಮರಿಯ ಹೆದರಿಕೆಯನ್ನು ಯಾವ ತಳಿಯ ಹೆಸರೂ ವಿವರಿಸುವುದಿಲ್ಲ.

ಕ್ರಾಸ್ ಆದ್ರೆ ಔಷಧಿ, ಚಿಕಿತ್ಸೆಯಲ್ಲಿ ಏನಾದ್ರೂ ಜಾಗ್ರತೆ ಬೇಕಾ?

ಊಹೆ ನಿಜವಾಗಿ ಉಪಯೋಗಕ್ಕೆ ಬರುವ ಜಾಗ ಇದು. ಕೋಲಿಯಂಥ ಕುರಿ ಕಾಯುವ ತಳಿಗಳಲ್ಲಿ ಎಂಡಿಆರ್1 ಎಂಬ ಜೀನ್ ದೋಷ ಸಾಮಾನ್ಯ, ಕೋಲಿಗಳಲ್ಲಂತೂ ಶೇ 70ರಷ್ಟರಲ್ಲಿ ಇದೆ. ಈ ದೋಷವಿರುವ ನಾಯಿಗೆ ಕಜ್ಜಿಗೆ ಕೊಡುವ ಹೆಚ್ಚಿನ ಪ್ರಮಾಣದ ಐವರ್‌ಮೆಕ್ಟಿನ್ ಮಿದುಳಿಗೆ ವಿಷವಾಗುತ್ತದೆ. ನಮ್ಮಲ್ಲಿ ಬೀದಿನಾಯಿಯ ಕಜ್ಜಿಗೆ ಐವರ್‌ಮೆಕ್ಟಿನ್ ಇಂಜೆಕ್ಷನ್ ಮಾಮೂಲು. ಉದ್ದ ಮೂತಿ, ಉದ್ದ ಕೂದಲು, ಕತ್ತಿನ ಸುತ್ತ ಬಿಳಿ ಪಟ್ಟಿ ಇರುವ ನಾಯಿಯಾದರೆ ಕೋಲಿ ಇರಬಹುದೆಂಬ ಅನುಮಾನವನ್ನು ವೈದ್ಯರಿಗೆ ಮೊದಲೇ ಹೇಳಿ. ಬೇರೆ ಔಷಧಿಗಳಿವೆ.

ಮುಧೋಳದಂಥ ಕೊಬ್ಬಿಲ್ಲದ ಮೈಯ ನಾಯಿಗೆ ಕೆಲವು ಹಳೆಯ ಅರಿವಳಿಕೆ ಔಷಧಿಗಳ ಮಂಪರು ಇಳಿಯುವುದು ತಡ. ಚಪ್ಪಟೆ ಮೂತಿಯದಕ್ಕೆ ಬೇಸಿಗೆಯ ಸೆಕೆಯೂ ಅರಿವಳಿಕೆಯೂ ಎರಡೂ ಅಪಾಯ. ಜರ್ಮನ್ ಶೆಫರ್ಡ್‌ಗಳಿಗೆ ಉಣ್ಣಿ ಕಚ್ಚಿ ಬರುವ ಎರ್ಲಿಕಿಯಾ ಜ್ವರ ಉಳಿದವಕ್ಕಿಂತ ಜೋರಾಗಿ ಬಡಿಯುತ್ತದೆ. ಇವಿಷ್ಟು ಬಿಟ್ಟರೆ ಚಿಕಿತ್ಸೆ ಎಲ್ಲ ನಾಯಿಗೂ ಒಂದೇ.

ಅಪಾರ್ಟ್‌ಮೆಂಟಿನವರು ನಮ್ಮ ನಾಯಿನ ಪಿಟ್‌ಬುಲ್ ಕ್ರಾಸ್ ಅಂತಿದ್ದಾರೆ. ಇಟ್ಕೋಬಾರದಂತೆ.

2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ಪಿಟ್‌ಬುಲ್ ಸೇರಿ 23 ತಳಿಗಳನ್ನೂ ಅವುಗಳ ಬೆರಕೆಗಳನ್ನೂ ನಿಷೇಧಿಸುವಂತೆ ರಾಜ್ಯಗಳಿಗೆ ಪತ್ರ ಬರೆದಿತ್ತು. ಅದು ವಾಟ್ಸ್‌ಆ್ಯಪ್‌ನಲ್ಲಿ ಇಂದಿಗೂ ಸುತ್ತುತ್ತಿದೆ. ಆ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಏಪ್ರಿಲ್ 10ರಂದೇ ರದ್ದು ಮಾಡಿತು ಎಂಬ ಸುದ್ದಿ ಮಾತ್ರ ಅಷ್ಟು ಸುತ್ತಲಿಲ್ಲ. ತೀರ್ಪಿನ ಪ್ರತಿ ಸಂಘದ ಕಾರ್ಯದರ್ಶಿಗೆ ಕೊಡಿ.

ನಾಯಿಯ ವಿಷಯಕ್ಕೆ ಬಂದರೆ, ಸಂತಾನಹರಣ ಮಾಡಿಸದ ಗಂಡು ಬೀದಿನಾಯಿಗೆ ವಯಸ್ಸು ಬಂದಂತೆ ಕೆನ್ನೆ, ಕತ್ತು ದಪ್ಪವಾಗುತ್ತವೆ. ಮೈ ಮೇಲೆ ಹುಲಿಪಟ್ಟೆಯೂ ಇದ್ದರೆ ನೋಡಿದವರು ಪಿಟ್‌ಬುಲ್ ಎಂದುಬಿಡುತ್ತಾರೆ. ಲಸಿಕೆ, ಲೈಸೆನ್ಸ್ ಸರಿಯಾಗಿಟ್ಟುಕೊಳ್ಳಿ, ಹೊರಗೆ ಬೆಲ್ಟ್ ಇಲ್ಲದೆ ಬಿಡಬೇಡಿ. ನಾಯಿ ನಿಜಕ್ಕೂ ಯಾರನ್ನಾದರೂ ಕಚ್ಚಿದ್ದರೆ ಅದು ಬೇರೆಯೇ ವಿಷಯ, ಅಲ್ಲಿ ತಳಿಯ ವಾದ ನಿಮ್ಮ ನೆರವಿಗೂ ಬರುವುದಿಲ್ಲ.

ಲೈಸೆನ್ಸ್ ಫಾರಂನಲ್ಲಿ ತಳಿ ಅಂತ ಕೇಳುತ್ತೆ. ಏನು ಬರೀಲಿ?

ಇಂಡಿ ಅಥವಾ ನಾಟಿ. ಸಾಕ್ಷಿಯಿಲ್ಲದ ಕ್ರಾಸ್ ಹೆಸರು ಬರೆದು ಮುಂದೆ ಯಾವುದೋ ಪಟ್ಟಿಯಲ್ಲಿ ಸಿಕ್ಕಿಕೊಳ್ಳಬೇಡಿ.

## ಡಿಎನ್‌ಎ ಪರೀಕ್ಷೆ

ಡಿಎನ್‌ಎ ಟೆಸ್ಟ್ ಮಾಡಿಸಿದ್ರೆ ಎಲ್ಲಾ ಗೊತ್ತಾಗುತ್ತಾ?

ಕೆನ್ನೆಯ ಒಳಗೆ ಹತ್ತಿಕಡ್ಡಿ ಉಜ್ಜಿ ಕಳಿಸುವುದು, ಮಾಡಲು ಸುಲಭ. ಪ್ರಯೋಗಾಲಯದವರು ನಾಯಿಯ 39 ಜೊತೆ ಕ್ರೋಮೋಸೋಮ್‌ಗಳಲ್ಲಿ ಸಾವಿರಾರು ಜಾಗಗಳನ್ನು, ದೊಡ್ಡ ಕಂಪನಿಗಳಾದರೆ ಲಕ್ಷಗಟ್ಟಲೆ ಜಾಗಗಳನ್ನು ಓದಿ, ತಮ್ಮ ಸಂಗ್ರಹದಲ್ಲಿ ಇರುವ ತಳಿಗಳ ಜೊತೆ ತುಂಡು ತುಂಡಾಗಿ ಹೋಲಿಸುತ್ತಾರೆ. ಸಂಗ್ರಹದಲ್ಲಿ ಇಲ್ಲದ್ದನ್ನು ಗುರುತಿಸಲಾರರು. ಆದ್ದರಿಂದ ಹಣ ಕೊಡುವ ಮೊದಲು ಕೇಳಬೇಕಾದ್ದು ಒಂದೇ: ನಿಮ್ಮ ಸಂಗ್ರಹದಲ್ಲಿ ದಕ್ಷಿಣ ಏಷ್ಯಾದ ಊರ ನಾಯಿಗಳ ಗುಂಪು ಇದೆಯೇ? ಎಂಬಾರ್ಕ್‌ನಂಥ ಕಂಪನಿ ಊರ ನಾಯಿಯನ್ನು 'ವಿಲೇಜ್ ಡಾಗ್' ಎಂದೇ ವರದಿಯಲ್ಲಿ ಕೊಡುತ್ತದೆ. ತಳಿಗಿಂತ ಎಂಡಿಆರ್1ನಂಥ ಆರೋಗ್ಯದ ಗುರುತುಗಳೂ ಆ ವರದಿಯಲ್ಲಿ ಬರುವುದಾದರೆ ದುಡ್ಡಿಗೆ ಬೆಲೆ ಇದೆ ಎಂಬುದು ನನ್ನ ಅಭಿಪ್ರಾಯ.

ತಮ್ಮ ಟೆಕ್ಸಾಸ್‌ಗೆ ಕರ್ಕೊಂಡು ಹೋದ ಮೈಸೂರಿನ ಬೀದಿನಾಯಿಗೆ ಅಲ್ಲಿ ಟೆಸ್ಟ್ ಮಾಡಿಸಿದ. ಚೌಚೌ, ಶಾರ್‌ಪೇ, ಏನೇನೋ ಬಂದಿದೆ. ಇದು ನಿಜಾನಾ?

ಊರ ನಾಯಿಯ ಗುಂಪಿಲ್ಲದ ಸಂಗ್ರಹದ ಜೊತೆ ಹೋಲಿಸಿದರೆ ಹೀಗೇ ಆಗುತ್ತದೆ. ಯಂತ್ರಕ್ಕೆ ಯಾವುದಾದರೂ ತಳಿಯನ್ನು ಆರಿಸಲೇಬೇಕಾದಾಗ ಇದ್ದುದರಲ್ಲಿ ಹತ್ತಿರದವನ್ನು ಎತ್ತಿಕೊಳ್ಳುತ್ತದೆ. ಚೌಚೌ, ಶಾರ್‌ಪೇ ಏಷ್ಯಾದ ಹಳೆಯ ನಾಯಿಗಳಿಂದ ಬಂದವು, ನಮ್ಮ ನಾಯಿಗಳ ಜೊತೆ ಹಳೆಯ ನಂಟಿರುವಂಥವು. ಮೈಸೂರಿನ ಬೀದಿಯಲ್ಲಿ ಶಾರ್‌ಪೇ ಓಡಾಡಿತ್ತು ಎಂದು ಇದರಿಂದ ತಿಳಿಯಬೇಕಿಲ್ಲ. ವರದಿಯಲ್ಲಿ ಚಿಲ್ಲರೆ ಅಂಕಿಗಳ ಉದ್ದ ಪಟ್ಟಿ, ಅದೂ ಏಷ್ಯಾದ ಪುರಾತನ ತಳಿಗಳದ್ದೇ ಹೆಚ್ಚಿದ್ದರೆ, ಅದನ್ನು 'ನಾಟಿ ನಾಯಿ' ಎಂದು ಓದಿಕೊಳ್ಳಿ.

ಲ್ಯಾಬ್ ಶೇ 25 ಅಂತ ಬಂದಿದೆ. ಅಂದ್ರೆ ಅಜ್ಜ ಲ್ಯಾಬ್ ಅಂತಲೇ?

ಆಗಿರಬಹುದು, ಆಗದೆಯೂ ಇರಬಹುದು. ಅಪ್ಪ ಅಮ್ಮನಿಂದ ಕರಾರುವಾಕ್ಕಾಗಿ ಅರ್ಧರ್ಧ ಬರುತ್ತದೆ. ಅಜ್ಜ ಅಜ್ಜಿಯರಿಂದ ಬರುವುದು ಸರಾಸರಿ ಕಾಲು ಭಾಗ, ಒಂದು ಮರಿಗೆ ಹೆಚ್ಚು ಬಂದು ಇನ್ನೊಂದಕ್ಕೆ ಕಡಿಮೆ ಬರುತ್ತದೆ. ಜೊತೆಗೆ ಶೇ 25 ಆಗಲು ಬೇರೆ ದಾರಿಗಳೂ ಇವೆ. ಅಪ್ಪನ ಕಡೆ ಒಬ್ಬ ಮುತ್ತಜ್ಜ, ಅಮ್ಮನ ಕಡೆ ಒಬ್ಬ ಮುತ್ತಜ್ಜ ಲ್ಯಾಬ್ ಆಗಿದ್ದರೂ ಮೊತ್ತ ಅಷ್ಟೇ.

ಇವೆರಡನ್ನು ಬೇರ್ಪಡಿಸಲು ಶೇಕಡಾ ಸಾಲದು, ಕ್ರೋಮೋಸೋಮ್‌ಗಳ ಚಿತ್ರ ಬೇಕು. ಕೆಲವು ವರದಿಗಳಲ್ಲಿ ಅದು ಬಣ್ಣಬಣ್ಣದ ಪಟ್ಟಿಗಳಾಗಿ ಬರುತ್ತದೆ. ಪ್ರತಿ ತಲೆಮಾರಿನಲ್ಲೂ ತುಂಡುಗಳು ಕತ್ತರಿಸಿ ಮರುಜೋಡಣೆಯಾಗುವುದರಿಂದ ಹತ್ತಿರದ ಹಿರಿಯರಿಂದ ಬಂದ ತುಂಡು ಉದ್ದ, ದೂರದವರಿಂದ ಬಂದದ್ದು ಚಿಕ್ಕದು. ಲ್ಯಾಬ್‌ನ ಬಣ್ಣ ಪ್ರತಿ ಜೊತೆಯ ಒಂದೇ ಪ್ರತಿಯಲ್ಲಿ ಉದ್ದುದ್ದ ಪಟ್ಟಿಯಾಗಿ ಕಂಡರೆ ಒಂದೇ ಕಡೆಯ ಅಜ್ಜನೋ ಅಜ್ಜಿಯೋ ಲ್ಯಾಬ್. ಕೆಲವೆಡೆ ಒಂದೇ ಜಾಗದಲ್ಲಿ ಎರಡೂ ಪ್ರತಿ ಲ್ಯಾಬ್ ಆಗಿದ್ದರೆ ಅಪ್ಪ ಅಮ್ಮ ಇಬ್ಬರಲ್ಲೂ ಲ್ಯಾಬ್‌ನ ಅಂಶವಿತ್ತು. ಅಲ್ಲೊಂದು ಇಲ್ಲೊಂದು ಪುಟ್ಟ ಚೂರಾಗಿ ಕಾಣುವ ಶೇ 2, ಶೇ 3ರ ತಳಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದೇ ಮಾದರಿಯನ್ನು ಇನ್ನೊಂದು ಕಂಪನಿಗೆ ಕಳಿಸಿದರೆ ಮೊದಲು ಬದಲಾಗುವ ಹೆಸರುಗಳು ಅವೇ.